ನಿಮ್ಮ ಲೇಔಟಿನ ನೀರು ಯಾರ ಹೊಲಕ್ಕೆ?

ಹಾನಗಲ್ ತಾಲ್ಲೂಕಿನ ಆಡೂರಿನ ಸೀಮೆಯಲ್ಲಿ ಹೊಲ ಮಾರಿದವರೇ, ಕೊಂಡು ಪ್ಲಾಟು ಹಾಕಿದವರೇ, ಟೇಪು ಹಿಡಿದು ಅಳೆದವರೇ, ಹೊಲವನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡುವ ಕಾಗದಕ್ಕೆ ಸಹಿ ಮಾಡಿದವರೇ, ಸಾಲಸೋಲ ಮಾಡಿ ಸೈಟು ಹಿಡಿದವರೇ, ನಿಮ್ಮೆಲ್ಲರನ್ನೂ ಒಂದು ಮಾತು ಕೇಳಬೇಕಾಗಿದೆ. ಆ ನೆಲದ ಮೇಲೆ ಬೀಳುವ ಮಳೆ ನೀರು ಇನ್ನು ಮುಂದೆ ಎತ್ತ ಹೋಗಬೇಕು? ಕಾಗದದಲ್ಲಿ ಚಕ್ಕುಬಂದಿ ಇದೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಬರೆದಿದೆ. ಒಳರಸ್ತೆ ಎಷ್ಟು ಅಡಿ, ಕರೆಂಟಿನ ಕಂಬ ಎಲ್ಲಿ, ಗುಡಿಗೆ ಎಷ್ಟು ಜಾಗ ಎಂಬುದೆಲ್ಲ ನಕಾಶೆಯಲ್ಲಿದೆ. ನೀರಿನ ದಾರಿಯೊಂದನ್ನು ಮಾತ್ರ ಯಾರೂ ಬರೆದಿಲ್ಲ, ಯಾರೂ ಕೇಳಿಯೂ ಇಲ್ಲ.

ನಾನು ಕೇಳುತ್ತಿದ್ದೇನೆ. ಊರಿನ ಚಾವಡಿಯಲ್ಲಿ, ಪಂಚಾಯತಿಯ ಪಡಸಾಲೆಯಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಈ ಪ್ರಶ್ನೆ ಏಳುವವರೆಗೂ ಕೇಳುತ್ತಲೇ ಇರುತ್ತೇನೆ.

ನಮ್ಮದು ಎಂಥ ನೆಲ ಎಂದು ಒಮ್ಮೆ ನೆನೆಯಿರಿ. ಹಾನಗಲ್ಲಿನ ಪಡುವಣ ಅಂಚು ಮಲೆನಾಡಿಗೆ ತಾಗಿದೆ, ಮೂಡಲಿಗೆ ಸವಣೂರಿನತ್ತ ಇಳಿದಂತೆ ಎರೆ ಹೊಲ ಹರಡಿಕೊಳ್ಳುತ್ತದೆ. ಭತ್ತದ ಗದ್ದೆ, ಅಡಿಕೆ ತೋಟ, ಮಾವಿನ ತೋಪು, ಗೋವಿನಜೋಳ ಎಲ್ಲವೂ ಒಂದೇ ತಾಲ್ಲೂಕಿನಲ್ಲಿ ಸಿಗುವುದು ಈ ಇಳಿಜಾರಿನಿಂದಲೇ. ಹಾನಗಲ್ ತಾಲ್ಲೂಕಿನಲ್ಲಿ ಕೆರೆ ಇಲ್ಲದ ಊರನ್ನು ಹುಡುಕುವುದು ಕಷ್ಟ. ಹಾನಗಲ್ ಪಟ್ಟಣದಲ್ಲಿ ಆನೆಕೆರೆ ಇದೆ, ಸವಣೂರಿನಲ್ಲಿ ಮೋತಿ ತಲಾಬ್ ಇದೆ, ಹಿರೇಕೆರೂರಿನ ಕಡೆ ಕುಮುದ್ವತಿಗೆ ಕಟ್ಟಿದ ಮದಗ ಮಾಸೂರಿನ ಕೆರೆ ಇದೆ. ಹೆಸರಿಲ್ಲದ ಸಣ್ಣ ಕೆರೆಕಟ್ಟೆಗಳಿಗೆ ಲೆಕ್ಕವಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕೊನೆಗೆ ಅದು ನೇರವಾಗಿಯೋ ಧರ್ಮಾ ನದಿಯ ಮೂಲಕವೋ ವರದೆಯನ್ನು ಸೇರುತ್ತದೆ, ವರದೆ ಅದನ್ನು ಗಳಗನಾಥದಲ್ಲಿ ತುಂಗಭದ್ರೆಗೆ ಒಪ್ಪಿಸುತ್ತದೆ. ಈ ಸಾಲಿನಲ್ಲಿ ಎಲ್ಲಿ ಒಂದು ಹಳ್ಳ ಮುಚ್ಚಿದರೂ ಅದರ ಕೆಳಗಿನ ಕೆರೆ ಒಣಗುತ್ತದೆ, ಪಕ್ಕದ ಓಣಿ ಮುಳುಗುತ್ತದೆ. ಒಣಗುವುದೂ ಮುಳುಗುವುದೂ ಒಂದೇ ತಪ್ಪಿನ ಫಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಗುಂಟೆ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 5 ಸಾವಿರ ಲೀಟರ್ ನೀರು. ನಮ್ಮ ಊರುಗಳಲ್ಲಿ ಬೇಸಿಗೆಯಲ್ಲಿ ಓಡಾಡುವ ಒಂದು ಟ್ಯಾಂಕರಿನಷ್ಟು. ಅಷ್ಟು ಮಳೆ ಒಂದೇ ಸಂಜೆ ಹೊಡೆಯುವುದು ಇಲ್ಲಿ ಅಪರೂಪವೇನಲ್ಲ. ಹತ್ತು ಎಕರೆ ಅಂದರೆ 400 ಗುಂಟೆ, ಅಲ್ಲಿಗೆ 400 ಟ್ಯಾಂಕರ್. ಒಡ್ಡು ಹಾಕಿ ಉತ್ತು ಬಿತ್ತಿದ ಹೊಲದಿಂದ ಮಳೆಯ ಕಾಲು ಪಾಲಿನಷ್ಟು ಹೊರಗೆ ಹರಿಯುತ್ತದೆ, ಉಳಿದದ್ದು ನೆಲಕ್ಕೆ ಇಂಗುತ್ತದೆ ಎಂದು ಎಂಜಿನಿಯರುಗಳು ಸ್ಥೂಲವಾಗಿ ಹಿಡಿಯುತ್ತಾರೆ. ಕಾಂಕ್ರೀಟು ಚಾವಣಿ, ಡಾಂಬರು ರಸ್ತೆಗಳಿಂದ ಹತ್ತರಲ್ಲಿ ಎಂಟೊಂಬತ್ತು ಪಾಲು ಹರಿದು ಹೋಗುತ್ತದೆ. ಲೇಔಟಿನಲ್ಲಿ ಹಿತ್ತಲು, ಪಾರ್ಕು ಇರುತ್ತವಲ್ಲ ಎಂದು ರಿಯಾಯಿತಿ ಕೊಟ್ಟು ಮುಕ್ಕಾಲು ಪಾಲು ಎನ್ನೋಣ. ಮೊದಲು ಆ ಹತ್ತು ಎಕರೆಯಿಂದ 100 ಟ್ಯಾಂಕರ್ ನೀರು ಮೆಲ್ಲಗೆ ಹೊರಬೀಳುತ್ತಿತ್ತು. ಈಗ 300 ಟ್ಯಾಂಕರ್ ಧುಮುಕುತ್ತದೆ, ಅದೂ ಮೊದಲಿಗಿಂತ ತೀರಾ ಕಡಿಮೆ ಹೊತ್ತಿನಲ್ಲಿ. ಹೆಚ್ಚಾದ ಆ 200 ಟ್ಯಾಂಕರನ್ನು ಕೆಳಗಿನ ಹೊಲದವನ ಬದುವಿನ ಮೇಲೆ ಸುರಿಯಲು ಯಾರಿಗೆ ಹಕ್ಕಿದೆ? ಟ್ಯಾಂಕರು ತಂದು ನಿಲ್ಲಿಸಿ ನಳ ತಿರುವಿದ್ದರೆ ಅವನು ಬಡಿಗೆ ಹಿಡಿದು ಬರುತ್ತಿದ್ದ. ಮಳೆಯ ಹೆಸರಿನಲ್ಲಿ ಸುರಿದರೆ ಹಣೆಬರಹ ಎಂದು ಸುಮ್ಮನಾಗುತ್ತಾನೆ.

ಇದು ಮನೆಗಳೆಲ್ಲ ಎದ್ದ ಮೇಲಿನ ಲೆಕ್ಕ. ಅದಕ್ಕೂ ಮೊದಲು, ನೆಲವನ್ನು ಬಗೆದು ಬರಿದಾಗಿ ಬಿಟ್ಟ ಒಂದೆರಡು ವರ್ಷ ಇದಕ್ಕಿಂತ ಕ್ರೂರ. ಕಳೆದ ಮುಂಗಾರಿನಲ್ಲಿ ಇಂಥದೊಂದು ಲೇಔಟಿನ ಕೆಳಗಿನ ಹೊಲದಲ್ಲಿ ನಿಂತು ನೋಡಿದೆ. ಬೇಸಿಗೆಯಲ್ಲೇ ಜೆಸಿಬಿ ಬಿಟ್ಟು ಒಡ್ಡುಗಳನ್ನು ಸಪಾಟು ಮಾಡಿದ್ದರು. ಬದುವಿನ ಲಕ್ಕಿ ಗಿಡ, ಕತ್ತಾಳೆ, ಎರಡು ಬೇವಿನ ಮರ ಹೋಗಿದ್ದವು. ಗರಸು ಹಾಕಿದ ರಸ್ತೆ ಇಳಿಜಾರಿಗೆ ನೇರವಾಗಿ ಮೇಲಿನಿಂದ ಕೆಳಕ್ಕೆ ಇಳಿದು, ಕೊನೆಯ ಪ್ಲಾಟಿನ ಸುಣ್ಣ ಬಳಿದ ಕಲ್ಲಿನ ಹತ್ತಿರ ನಿಂತುಬಿಟ್ಟಿತ್ತು. ಮುಂದೆ ಗಟಾರವಿಲ್ಲ, ಮೋರಿಯಿಲ್ಲ. ಮಿರಗದ ಮಳೆ ಒಂದು ತಾಸು ಹೊಡೆದಿತ್ತು. ಗಾಲಿಯ ಜಾಡು ಹಿಡಿದು ಬಂದ ಕೆಂಪು ನೀರು ಬದುವನ್ನು ಒಡೆದು ಗೋವಿನಜೋಳದ ಸಾಲುಗಳ ನಡುವೆ ಮೊಣಕಾಲುದ್ದದ ಕೊರಕಲು ಕೊರೆದಿತ್ತು. ನಾಲ್ಕೆಲೆಯ ಪೈರು ಅಡ್ಡ ಬಿದ್ದಿತ್ತು, ಬೇರು ಬಿಳಿಯಾಗಿ ಹೊರಗೆ ಕಾಣುತ್ತಿತ್ತು. ಅದರಾಚೆ ಎರೆ ಮಣ್ಣಿನ ಮೇಲೆ ಗರಸಿನ ಹರಳು ಹರಡಿ ಕೂತಿತ್ತು. ಹೊಲದ ಒಡತಿ ಬಗ್ಗಿ ಒಂದೊಂದೇ ಹರಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಯಣ್ಣಾ, ಮಳೀನ ಬೈಯಾಕ ಬರಂಗಿಲ್ಲ. ಮಳಿ ಮದ್ಲೂ ಬರ್ತಿತ್ತು."

ಆ ಲೇಔಟು ಯಾರದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ. ಅಕ್ಕಿಆಲೂರಿನ ರಸ್ತೆಯಲ್ಲಿ, ಬಂಕಾಪುರ ಶಿಗ್ಗಾವಿಯ ಹೆದ್ದಾರಿಯ ಬದಿಯಲ್ಲಿ, ಸವಣೂರು ಹಿರೇಕೆರೂರುಗಳ ಅಂಚಿನಲ್ಲಿ ಒಂದು ಮಳೆಯಲ್ಲಿ ಹೋಗಿ ನೋಡಿ. ಕಮಾನು ಇರುತ್ತದೆ, ಬೋರ್ಡು ಇರುತ್ತದೆ. ಅದರ ಹಿಂದಿನಿಂದ ಮಣ್ಣಿನ ಬಣ್ಣದ ನೀರು ಯಾವ ಕಡೆ ಹೊರಟಿದೆ ಎಂದು ನೀವೇ ಕಾಣುತ್ತೀರಿ.

ಆ ಮಣ್ಣು ಕೊನೆಗೆ ಸೇರುವುದು ಕೆರೆಯನ್ನು. ಕೆರೆಯ ಹೂಳೆತ್ತಲು ಈ ನಾಡು ಎಷ್ಟು ದುಡ್ಡು ಸುರಿದಿದೆ! 2002ರಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಶುರು ಮಾಡಿದ ಜಲಸಂವರ್ಧನೆ ಯೋಜನೆಯಲ್ಲಿ ನಮ್ಮ ಹಾವೇರಿ ಜಿಲ್ಲೆಯೂ ಇತ್ತು. ಊರೂರಿನಲ್ಲಿ ಕೆರೆ ಸಂಘ ಕಟ್ಟಿ, ಹೂಳು ತೆಗೆದು, ತೂಬು ರಿಪೇರಿ ಮಾಡಿದರು. ಈಗ ವರದೆಯಿಂದ ನೀರೆತ್ತಿ ಹಾನಗಲ್ ತಾಲ್ಲೂಕಿನ ಕೆರೆಗಳನ್ನು ತುಂಬಿಸಲು ಬಾಳಂಬೀಡ ಏತ ನೀರಾವರಿ ಯೋಜನೆ ಬಂದಿದೆ. ಕರೆಂಟು ಸುಟ್ಟು, ಪೈಪು ಹಾಕಿ ನದಿಯ ನೀರನ್ನು ಮೇಲಕ್ಕೆ ಹತ್ತಿಸುತ್ತೇವೆ. ಬಿಟ್ಟಿಯಾಗಿ ಬಂದು ಬೀಳುವ ಮಳೆಗೆ ಕೆರೆಯ ದಾರಿ ಕಟ್ಟುತ್ತೇವೆ, ಜೊತೆಗೆ ಒಡೆದ ನೆಲದ ಮಣ್ಣನ್ನು ಅದೇ ಕೆರೆಗೆ ತುಂಬುತ್ತೇವೆ. ಇದನ್ನು ಅಭಿವೃದ್ಧಿ ಎಂದು ಕರೆಯಲು ನನ್ನ ಬಾಯಿ ಬರುವುದಿಲ್ಲ.

ನಮ್ಮ ಹಿರಿಯರು ಹೀಗೆ ಬದುಕಿರಲಿಲ್ಲ. ಆಡೂರು ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದಲ್ಲಿ ಇಲ್ಲಿನ ಜಿನಾಲಯಕ್ಕೆ ಭೂಮಿ ಬಿಟ್ಟುಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದ ಊರು ಇದು. ನೆಲ ಕೈ ಬದಲಾಯಿಸುವಾಗ ನಾಲ್ಕು ಜನರ ಎದುರು ಹೊಣೆ ಹೊರಬೇಕು ಎಂಬುದು ಈ ಸೀಮೆಗೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಗೊತ್ತು. ಕನ್ನಡ ನಾಡಿನ ಶಾಸನಗಳನ್ನು ತೆರೆದರೆ ಕೆರೆ ಕಟ್ಟಿದವರಿಗೆ, ಕಾದವರಿಗೆ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಭೂದಾನಗಳ ಸಾಲೇ ಸಿಗುತ್ತದೆ. ನೆಲವನ್ನು ಉಂಡವನು ನೀರನ್ನೂ ಕಾಯಬೇಕಿತ್ತು. ಇತ್ತೀಚಿನ ಮಾತೂ ಇದೆ. ನಾವು ಮುಂಬೈ ಆಡಳಿತಕ್ಕೆ ಸೇರಿದ್ದಾಗ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂತು, ಅದರಡಿ ಬಯಲುಸೀಮೆಯ ಜಿಲ್ಲೆಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಬರಗಾಲದಲ್ಲಿ ಬುಟ್ಟಿ ಹೊತ್ತು ಒಡ್ಡು ಹಾಕಿದ ಅಜ್ಜ ಅಜ್ಜಿಯರ ನೆನಪು ಇನ್ನೂ ಹಲವು ಮನೆಗಳಲ್ಲಿದೆ. ಆ ಒಡ್ಡನ್ನು ಜೆಸಿಬಿ ಒಂದು ಮುಂಜಾನೆಯಲ್ಲಿ ಅಳಿಸುತ್ತದೆ. ಅಳಿಸಿದ ಮೇಲೆ ಅದರ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿಕೊಡಬೇಕಾದ ಹೊಣೆ ಅಳಿಸಿದವನ ಮೇಲಿದೆ.

"ನೀರು ತಗ್ಗಿಗೆ ಹರಿತೈತಿ, ಅದಕ್ಕ ನಾ ಏನ್ ಮಾಡ್ಲಿ?" ಈ ಉತ್ತರವನ್ನು ಎಷ್ಟು ಬಾಯಿಂದ ಕೇಳಿದ್ದೇನೋ. ಕಾನೂನು ಇದಕ್ಕೆ ಬಹಳ ಹಿಂದೆಯೇ ಉತ್ತರ ಹೇಳಿದೆ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಮೇಲಿನ ಹೊಲದ ಮೇಲೆ ಬಿದ್ದು ತಾನಾಗಿ ಇಳಿದು ಬರುವ ನೀರನ್ನು ಕೆಳಗಿನ ಹೊಲದವನು ಬಿಟ್ಟುಕೊಳ್ಳಬೇಕು. ತಾನಾಗಿ ಬರುವ ನೀರಿಗೆ ಮಾತ್ರ ಆ ಮಾತು. ನೆಲದ ಇಳಿಜಾರು ಬದಲಿಸಿ, ಹತ್ತು ಕಡೆ ಚದುರಿ ಹೋಗುತ್ತಿದ್ದ ನೀರನ್ನು ಒಂದು ರಸ್ತೆಗೆ ಕೂಡಿಸಿ, ಒಬ್ಬನ ಬದುವಿಗೆ ಗುರಿಯಿಟ್ಟು ಬಿಟ್ಟವನು ಆ ನೆರಳಿನಲ್ಲಿ ನಿಲ್ಲಲಾರ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ಹಳ್ಳ, ನಾಲಾ, ಕೆರೆಯ ಅಂಗಳಗಳು ಸರ್ಕಾರದ ಸ್ವತ್ತು ಎನ್ನುತ್ತದೆ. ಸರ್ಕಾರದ್ದು ಅಂದರೆ ನಮ್ಮೆಲ್ಲರದು. ಉತಾರದಲ್ಲಿ ಹಳ್ಳದ ಖರಾಬು ಎಂದು ಬರೆದದ್ದನ್ನು ಗರಸು ತುಂಬಿ ಪ್ಲಾಟಿನ ನಂಬರು ಹಾಕಿದರೆ ಊರಿನ ಆಸ್ತಿಯನ್ನು ಮಾರಿದಂತೆ. ಕೆರೆಕುಂಟೆಗಳನ್ನು ಉಳಿಸುವುದು ಜನರ ಬದುಕುವ ಹಕ್ಕಿಗೇ ಸಂಬಂಧಿಸಿದ್ದು ಎಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿದೆ. ಮಳೆನೀರಿನ ಚರಂಡಿ ಹೇಗಿರಬೇಕೆಂದು ಕೇಂದ್ರ ಸರ್ಕಾರ 2019ರಲ್ಲಿ ಕೈಪಿಡಿಯನ್ನೇ ಹೊರಡಿಸಿದೆ. ಅಮೆರಿಕದಲ್ಲಿ 1990ರ ನಿಯಮದ ಪ್ರಕಾರ 5 ಎಕರೆ ಅಥವಾ ಅದಕ್ಕಿಂತ ದೊಡ್ಡ ಕಾಮಗಾರಿಗೆ, 1999ರ ನಿಯಮದ ಮೇಲೆ 1 ಎಕರೆ ನೆಲ ಕೆದಕಿದರೂ ಸರಿ, ಮಣ್ಣು ನೀರು ಹೊರಗೆ ಹೋಗದಂತೆ ಏನು ಮಾಡುತ್ತೀರೆಂದು ಮೊದಲೇ ಬರೆದುಕೊಟ್ಟು ಪರವಾನಗಿ ಪಡೆಯಬೇಕು. ನಮ್ಮಲ್ಲಿ ಹತ್ತು ಎಕರೆ ಬಗೆದರೂ ಕೇಳುವವರಿಲ್ಲ.

ಕೇಳದೆ ಬಿಟ್ಟರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲಾ ಕೇಂದ್ರ ಹಾವೇರಿಯಲ್ಲೇ, ಮಳೆ ನೀರು ತುಂಬಿ ರಸ್ತೆ ಯಾವುದು ಚರಂಡಿ ಯಾವುದು ತಿಳಿಯದಂತಾದ ಹೊತ್ತಿನಲ್ಲಿ, ಶಾಲೆಗೆ ಹೋಗುವ ವಯಸ್ಸಿನ ಒಬ್ಬ ಬಾಲಕ ಚರಂಡಿಗೆ ಬಿದ್ದು ಕೊಚ್ಚಿಹೋಗಿ ಜೀವ ಬಿಟ್ಟ. ಅದೇ ವರ್ಷದ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ಮನೆ ಕುಸಿದು ಒಬ್ಬ ಮಹಿಳೆಯೂ ಅವಳಿ ಕೂಸುಗಳೂ ತೀರಿಕೊಂಡರು. ಆ ಮನೆಯ ಗೋಡೆ ಬಿದ್ದದ್ದಕ್ಕೆ ಯಾವುದೋ ಲೇಔಟು ಕಾರಣ ಎಂದು ನಾನು ಹೇಳುತ್ತಿಲ್ಲ. 2019ರಲ್ಲಿ ವರದೆ ಉಕ್ಕಿ ಊರುಗಳಿಗೆ ನುಗ್ಗಿದ್ದಕ್ಕೂ ಸಾಗರದ ಕಡೆಯ ಮಲೆನಾಡಿನಲ್ಲಿ ಸುರಿದ ಮಳೆಯೇ ಮೂಲ. ಆದರೆ ಮಣ್ಣಿನ ಗೋಡೆಯ ಮನೆಗಳು ಇನ್ನೂ ಇಷ್ಟಿರುವ ಸೀಮೆ ನಮ್ಮದು. ಅಂಥ ಗೋಡೆಯ ಬುಡದಲ್ಲಿ ಒಂದು ರಾತ್ರಿ ನೀರು ನಿಂತರೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಲೇಔಟಿನ ನೀರನ್ನು ಹರಿಜನ ಕೇರಿಯ, ಆಶ್ರಯ ಮನೆಗಳ ಕಡೆ ತಿರುಗಿಸಿದ ಗಟಾರಗಳನ್ನು ನಾನು ಕಂಡಿದ್ದೇನೆ. ತಗ್ಗಿನಲ್ಲಿ ಯಾರು ಇರುತ್ತಾರೆ ಎಂಬುದು ಎಲ್ಲ ಊರಿನಲ್ಲೂ ಒಂದೇ. ಹಣವಿದ್ದವರೂ ತಪ್ಪಿಸಿಕೊಳ್ಳಲಾರರು ಎಂಬುದಕ್ಕೆ ಬೆಂಗಳೂರು ಸಾಕ್ಷಿ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆಯ ಕೋಟಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಅಲ್ಲಿ ಕಾಲುವೆಗಳನ್ನು ಮುಚ್ಚಿದ್ದು ಒಂದೇ ದಿನದಲ್ಲಲ್ಲ. ಒಂದೊಂದು ಸರ್ವೇ ನಂಬರು, ಒಂದೊಂದು ಸಹಿ. ನಾವು ಈಗ ಆ ಮೊದಲ ಸಹಿಗಳ ಹಂತದಲ್ಲಿದ್ದೇವೆ.

ಲೇಔಟು ಮಾಡುವ ಅಣ್ಣಂದಿರೇ, ನಿಮ್ಮ ವ್ಯಾಪಾರ ನಿಲ್ಲಿಸಿ ಎಂದು ನಾನು ಬೇಡುತ್ತಿಲ್ಲ. ಊರು ಬೆಳೆಯುತ್ತದೆ, ಮಕ್ಕಳಿಗೆ ಮನೆ ಬೇಕು. ಹೊಲದಿಂದ ಎಷ್ಟು ನೀರು, ಎಷ್ಟು ಮೆಲ್ಲಗೆ ಹೊರಡುತ್ತಿತ್ತೋ, ಮನೆ ಎದ್ದ ಮೇಲೂ ಅಷ್ಟೇ, ಅಷ್ಟೇ ಮೆಲ್ಲಗೆ ಹೊರಡಲಿ. ಇಷ್ಟೇ ಕೇಳುವುದು. ಇದು ಆಗದ ಕೆಲಸವಲ್ಲ. ನೆಲವನ್ನು ಒಮ್ಮೆಲೇ ಪೂರ್ತಿ ಬಗೆಯಬೇಡಿ, ಮನೆ ಏಳುವ ಭಾಗವನ್ನಷ್ಟೇ ಬಗೆಯಿರಿ. ಬಗೆದದ್ದನ್ನು ರೋಹಿಣಿ ಮಳೆಗೆ ಮೊದಲೇ ಮುಗಿಸಿ. ಕೆಳಗಿನ ಅಂಚಿನಲ್ಲಿ ಹಳೆಯ ಒಡ್ಡು ಇದ್ದರೆ ಅದನ್ನು ಮುಟ್ಟಬೇಡಿ, ಅದರ ಒಳಮಗ್ಗುಲಿಗೆ ಒಂದು ಗುಂಡಿ ತೋಡಿ, ಮಣ್ಣು ಅಲ್ಲೇ ಕೂತು ತಿಳಿನೀರು ಮುಂದೆ ಹೋಗಲಿ. ಮಳೆಗಾಲ ಮುಗಿದ ಮೇಲೆ ಆ ಗುಂಡಿಯ ಹೂಳನ್ನು ಎತ್ತಿ ನಿಮ್ಮ ಪಾರ್ಕಿಗೇ ಹಾಕಿ. ರಸ್ತೆಯನ್ನು ಇಳಿಜಾರಿಗೆ ನೇರ ಇಳಿಸದೆ ಅಡ್ಡಲಾಗಿ ತನ್ನಿ. ಬದುವಿನ ಗಿಡ ಹುಲ್ಲು ಹಾಗೇ ಇರಲಿ, ನೀರಿನ ಓಟಕ್ಕೆ ಅದಕ್ಕಿಂತ ಅಗ್ಗದ ತಡೆ ಇನ್ನೊಂದಿಲ್ಲ.

ಪಾರ್ಕಿನ ಜಾಗದ ಬಗ್ಗೆ ಬಿಡಿಸಿ ಹೇಳಬೇಕು. ಮಾರಾಟವಾಗದ ಮೂಲೆಯನ್ನು ಉದ್ಯಾನ ಎಂದು ಬರೆಯುವ ಚಾಳಿ ಬಿಡಿ. ಇಡೀ ಲೇಔಟಿನಲ್ಲಿ ಅತಿ ತಗ್ಗು ಎಲ್ಲಿದೆಯೋ ಅದೇ ಪಾರ್ಕು ಆಗಲಿ. ಅದನ್ನು ಮೂರು ನಾಲ್ಕು ಅಡಿ ತಗ್ಗಿಸಿ ಹುಲ್ಲು ಬೆಳೆಸಿ. ದೊಡ್ಡ ಮಳೆಯಲ್ಲಿ ಲೇಔಟಿನ ನೀರೆಲ್ಲ ಅಲ್ಲಿಗೆ ಬಂದು ನಿಲ್ಲಲಿ, ಸಣ್ಣ ಕೊಳವೆಯಿಂದ ಒಂದು ದಿನದ ಅವಧಿಯಲ್ಲಿ ಹಳ್ಳಕ್ಕೆ ಇಳಿಯಲಿ, ಮಿಕ್ಕ ದಿನ ಮಕ್ಕಳು ಆಡಲಿ. ಕೃಷಿ ಹೊಂಡ ತೋಡುವುದು ಹೇಗೆಂದು ನಮ್ಮ ರೈತರಿಗೆ ಗೊತ್ತು, ಕೋಡಿಯನ್ನು ಎಷ್ಟು ಎತ್ತರಕ್ಕೆ ಇಡಬೇಕೆಂದು ನೀರಗಂಟಿಗೆ ಗೊತ್ತು. ಇವರನ್ನು ಕರೆದು ಕೇಳಿದರೂ ಅರ್ಧ ಕೆಲಸ ಮುಗಿಯಿತು. ಸಿಮೆಂಟಿನ ಗಟಾರ ಕಟ್ಟಿದ್ದೇವಲ್ಲ ಎನ್ನಬೇಡಿ. ಗಟಾರ ನೀರನ್ನು ಓಡಿಸುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಹಿಡಿಯುವ ಜಾಗವಿಲ್ಲದ ಗಟಾರ ನಿಮ್ಮ ಲೇಔಟಿನ ಕೆಡುಕನ್ನು ಇನ್ನಷ್ಟು ಬೇಗ ಕೆಳಗಿನವರಿಗೆ ಮುಟ್ಟಿಸುತ್ತದೆ. ಇಷ್ಟಕ್ಕೆ ಎರಡು ಪ್ಲಾಟು ಹೋಗುತ್ತವೆ ಎನ್ನುತ್ತೀರಿ. ಹೋಗಲಿ. ಆ ಎರಡು ಪ್ಲಾಟಿನ ಬೆಲೆಯನ್ನು ಈಗ ಕೆಳಗಿನ ಹೊಲದ ಒಡತಿ ವರ್ಷ ವರ್ಷವೂ ಬೀಜಕ್ಕೆ, ಗೊಬ್ಬರಕ್ಕೆ, ಒಡ್ಡಿನ ಕೂಲಿಗೆ ಎಂದು ಕಟ್ಟುತ್ತಿದ್ದಾರೆ.

ಹೊಲ ಮಾರುವ ರೈತ ಬಂಧುಗಳ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮದುವೆ, ಸೊಸೈಟಿಯ ಸಾಲ, ಆಸ್ಪತ್ರೆಯ ಖರ್ಚು, ಯಾವುದಕ್ಕೆ ಮಾರುತ್ತಾರೆಂದು ಗೊತ್ತು. ಆದರೂ ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಒಂದು ಸಾಲು ಬರೆಸಿ: ಈ ಜಮೀನಿನಲ್ಲಿ ಹಾದು ಹೋಗುವ ಹಳ್ಳವನ್ನು ಮುಚ್ಚುವಂತಿಲ್ಲ. ನಿಮ್ಮ ನೆರೆಹೊಲದವನ ಜೊತೆ ತಲೆಮಾರುಗಳಿಂದ ನೀರು ಹಂಚಿಕೊಂಡಿದ್ದೀರಿ, ಅವನಿಗೆ ಇಷ್ಟಾದರೂ ಸಲ್ಲಬೇಕು. ಸೈಟು ಕೊಳ್ಳುವ ಮೇಷ್ಟ್ರೇ, ನರ್ಸಮ್ಮ, ಕಂಡಕ್ಟರಣ್ಣ, ನಿಮ್ಮ 30-40ರ ಸೈಟು ಒಂದು ಗುಂಟೆಗಿಂತ ತುಸು ದೊಡ್ಡದು, ಆ ಸಂಜೆಯ ಮಳೆಯಲ್ಲಿ ಒಂದು ಟ್ಯಾಂಕರಿಗಿಂತ ಹೆಚ್ಚು ನೀರು ನಿಮ್ಮ ಪಾಲಿನದು. ಬೇಸಿಗೆಯಲ್ಲಿ ಸೈಟು ನೋಡಿ ಅಡ್ವಾನ್ಸು ಕೊಡಬೇಡಿ. ಮಳೆ ಸುರಿಯುವಾಗ ಕೊಡೆ ಹಿಡಿದು ಹೋಗಿ ನೋಡಿ. ಮನೆ ಕಟ್ಟಿದ ಮೇಲೆ ಅಂಗಳಕ್ಕೆಲ್ಲ ಕಾಂಕ್ರೀಟು ಬಳಿಯದೆ ನಾಲ್ಕು ಗಿಡಕ್ಕೆ ಮಣ್ಣು ಬಿಡಿ, ಚಾವಣಿಯ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಇಳಿಸಿ.

ಪಂಚಾಯತಿಯ ಸದಸ್ಯರೇ, ಪಿಡಿಒ ಸಾಹೇಬರೇ, ಸರ್ವೇ ಮಾಡುವವರೇ, ಹಳ್ಳಿಯ ನಕಾಶೆ ನಿಮ್ಮ ಕಪಾಟಿನಲ್ಲೇ ಇದೆ. ಅದರಲ್ಲಿ ಹಳ್ಳಗಳ ಗೆರೆ ಎಳೆದಿದೆ. ಡೆವಲಪರು ತಂದ ನಕಾಶೆಯನ್ನು ಅದರ ಪಕ್ಕಕ್ಕಿಟ್ಟು ನೋಡಲು ಹತ್ತು ನಿಮಿಷ ಸಾಕು. ಅಲ್ಲಿ ಸೊಟ್ಟಗೆ ಹರಿಯುವ ಗೆರೆ ಇಲ್ಲಿ ಕಾಣದಿದ್ದರೆ ಇ-ಸ್ವತ್ತಿನ ಫಾರಂ ಕೊಡುವ ಮುನ್ನ ಜಾಗಕ್ಕೆ ಹೋಗಿ ನಿಂತು ನೋಡಿ. ಯಾರು ಫೋನು ಮಾಡಿಸುತ್ತಾರೆ, ಎಷ್ಟು ಒತ್ತಡ ಬರುತ್ತದೆ ಎಂಬುದು ನನಗೂ ತಿಳಿದಿದೆ. ಆ ಒತ್ತಡವನ್ನು ನೀವೊಬ್ಬರೇ ತಡೆಯಬೇಕೆಂದು ನಾವು ಬಿಟ್ಟುಬಿಟ್ಟಿದ್ದೇವೆ. ಅದು ನಮ್ಮ ತಪ್ಪು, ಊರಿನ ತಪ್ಪು. ಅದಕ್ಕಾಗಿಯೇ ಗ್ರಾಮಸಭೆ ಇರುವುದು. 1993ರ ಪಂಚಾಯತ್ ರಾಜ್ ಕಾಯ್ದೆ ಆ ಸಭೆಯನ್ನು ಉಳ್ಳವರಿಗೆ ಮಾತ್ರ ಕೊಟ್ಟದ್ದಲ್ಲ.

ಆಡೂರಿನವರೇ, ಸುತ್ತಲಿನ ಊರವರೇ, ಮುಂದಿನ ಗ್ರಾಮಸಭೆಯ ನೋಟೀಸು ಗೋಡೆಗೆ ಅಂಟಿದ ದಿನ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಹೊಲದವರು, ಕೇರಿಯವರು, ಕೆರೆ ಸಂಘದವರು ಕೂಡಿ ಸಹಿ ಹಾಕಿ ಕೊಡಿ. ಹೀಗೆ ಬರೆಯಿರಿ: ನಮ್ಮ ಪಂಚಾಯತಿಯ ಎಲ್ಲ ಹಳ್ಳ, ನಾಲಾ, ಕೋಡಿಗಳನ್ನು ಹಳೆಯ ನಕಾಶೆಯ ಪ್ರಕಾರ ಅಳೆದು ಕಲ್ಲು ನೆಡಿಸಬೇಕು. ಇನ್ನು ಮುಂದೆ ಬರುವ ಪ್ರತಿ ಲೇಔಟಿನ ನಕಾಶೆಯಲ್ಲಿ ಮಳೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಡುತ್ತದೆ, ಯಾವ ಹಳ್ಳ ಸೇರುತ್ತದೆ ಎಂದು ತೋರಿಸಿರಬೇಕು. ಆ ನಕಾಶೆಯನ್ನು ಕೆಳಗಿನ ಹೊಲದವರಿಗೆ, ಕೆಳಗಿನ ಓಣಿಯವರಿಗೆ ಗ್ರಾಮಸಭೆಯಲ್ಲಿ ಬಿಚ್ಚಿ ತೋರಿಸಿ ಅವರ ಮಾತು ಕೇಳಬೇಕು. ನೀರು ಹಿಡಿಯುವ ಹೊಂಡ ತೋಡಿ ಮುಗಿಯುವವರೆಗೆ ಒಂದೇ ಒಂದು ಪ್ಲಾಟಿಗೂ ಇ-ಸ್ವತ್ತು ಕೊಡಕೂಡದು. ಅರ್ಜಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆದಿದ್ದಾರೋ ಇಲ್ಲವೋ ಓದಿ ನೋಡಿ, ಆಮೇಲೆ ಸಭೆಯಿಂದ ಏಳಿ.